‘ಮೂರನೆಯ ದೇಶ’ ಎಂಬ ಎಣಿಕೆ: ಮೇಜರ್ ಜನರಲ್ ಗರ್ಟ್ರೂಡ್ ಆಲಿಸ್ ರಾಮ್ ಅವರ ದರ್ಜೆಯ ಮರುಪರಿಶೀಲನೆ

1976ರ ಆಗಸ್ಟ್ 27ರಂದು ಭಾರತೀಯ ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಮೇಟ್ರನ್-ಇನ್-ಚೀಫ್ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ದರ್ಜೆಗೆ ಬಡ್ತಿ ಪಡೆದರು. ಭಾರತದ ಸಶಸ್ತ್ರ ಪಡೆಗಳಲ್ಲಿ ಆ ದರ್ಜೆಗೇರಿದ ಮೊದಲ ಮಹಿಳೆ ಅವರು. ಅವರನ್ನು ಕುರಿತ ಪರಿಚಯ ಬರಹಗಳಲ್ಲಿ ಈ ಸಂಗತಿಯ ಬೆನ್ನಿಗೇ ಇನ್ನೊಂದು ವಾಕ್ಯ ಬರುತ್ತದೆ: ಈ ಬಡ್ತಿಯಿಂದ ಭಾರತವು ಅಮೆರಿಕ ಮತ್ತು ಫ್ರಾನ್ಸ್‌ಗಳ ನಂತರ ಮಹಿಳೆಯೊಬ್ಬರಿಗೆ ಜನರಲ್ ದರ್ಜೆ ಕೊಟ್ಟ ಮೂರನೆಯ ದೇಶವಾಯಿತು. ಮೊದಲ ಸಂಗತಿಯಲ್ಲಿ ವಿವಾದವಿಲ್ಲ. ಎರಡನೆಯ ವಾಕ್ಯ ಮಾತ್ರ ಗಿಳಿಪಾಠವಾಗಿ ಉಳಿದಿದೆ. ಈ ಎಣಿಕೆ ಯಾವ ಅಳತೆಗೋಲಿನಿಂದಲೂ ನಿಲ್ಲುವುದಿಲ್ಲ, ಅದು ರಾಮ್ ಅವರ ಸಾಧನೆಯ ನಿಜವಾದ ವಿಶೇಷವನ್ನೇ ಮರೆಮಾಚಿದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆ

ಸೇನಾ ಶುಶ್ರೂಷೆಯ ಭಾರತೀಯ ಚರಿತ್ರೆಯ ಹೊರಗೆರೆಯ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. 1888ರ ಮಾರ್ಚ್‌ನಲ್ಲಿ ತರಬೇತಿ ಪಡೆದ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಮುಂಬಯಿಯಲ್ಲಿ ಬಂದಿಳಿದರು. ಕ್ಯಾಥರಿನ್ ಗ್ರೇಸ್ ಲಾಕ್ ಅವರ ಮೇಲ್ವಿಚಾರಣೆಯ ತಂಡ ರಾವಲ್ಪಿಂಡಿಗೆ ಹೋಯಿತು, ಇನ್ನೊಂದು ತಂಡ ಬೆಂಗಳೂರಿಗೆ ಬಂತು. ಕರ್ನಾಟಕದ ದಂಡು ಪ್ರದೇಶವೊಂದು ಈ ಸೇವೆಯ ಹುಟ್ಟಿನ ಗಳಿಗೆಯಲ್ಲೇ ಅದರ ಭೂಪಟದಲ್ಲಿತ್ತು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸೇವೆಗೆ ರಾಣಿ ಅಲೆಕ್ಸಾಂಡ್ರಾ ಹೆಸರು ಸೇರಿತು. ಮೊದಲ ಮಹಾಯುದ್ಧದ ಕಾಲದಲ್ಲಿ ತಾತ್ಕಾಲಿಕವಾಗಿ ನೇಮಕಗೊಂಡ ಭಾರತದ ನರ್ಸುಗಳಿಗೆ 1926ರ ಅಕ್ಟೋಬರ್ 1ರಂದು ಕಾಯಂ ನೆಲೆ ಸಿಕ್ಕಿತು. ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ರೂಪುಗೊಂಡದ್ದು ಅಂದು.

ನಮ್ಮ ಚರ್ಚೆಗೆ ಮುಖ್ಯವಾದದ್ದು 1943ರ ಸುಗ್ರೀವಾಜ್ಞೆ. ಎರಡನೆಯ ಮಹಾಯುದ್ಧದ ನಡುವೆ ಹೊರಟ ಈ ಶಾಸನ ನರ್ಸುಗಳನ್ನು ಕಮಿಷನ್ ಪಡೆದ ಅಧಿಕಾರಿಗಳನ್ನಾಗಿಸಿತು. ಸ್ವಾತಂತ್ರ್ಯದ ನಂತರ ಭಾಷೆಯನ್ನು ಅಲ್ಲಲ್ಲಿ ತಿದ್ದಿಕೊಂಡು ಅದೇ ಶಾಸನ ಮುಂದುವರಿಯಿತು. ಅದರ ಪ್ರಕಾರ ಈ ಸೇವೆ ಒಕ್ಕೂಟದ ಸಶಸ್ತ್ರ ಪಡೆಗಳ ಭಾಗ. ಅದೇ ಉಸಿರಿನಲ್ಲಿ, ಸೇನೆಯೊಂದಿಗೆ ದುಡಿಯುವ ‘ಸಹಾಯಕ ಪಡೆ’ಯೂ ಹೌದು. ಸದಸ್ಯೆಯರೆಲ್ಲ ಕಮಿಷನ್ಡ್ ದರ್ಜೆಯವರು, ಅವರ ನೇಮಕ ರಾಜ್ಯಪತ್ರದ ಪ್ರಕಟಣೆಯ ಮೂಲಕ. ‘ಸಹಾಯಕ’ ಎಂಬ ವಿಶೇಷಣಕ್ಕೆ ಮುಂದೆ ಮರಳುತ್ತೇನೆ.

1950ರ ಸೇನಾ ಕಾಯ್ದೆಯು ಕೇಂದ್ರ ಸರ್ಕಾರ ಅಧಿಸೂಚನೆಯಿಂದ ತೆರೆದ ವಿಭಾಗಗಳನ್ನು ಬಿಟ್ಟು ಉಳಿದ ಕಡೆ ಮಹಿಳೆಯರಿಗೆ ಪ್ರವೇಶವಿಲ್ಲವೆಂದಿತು. ವೈದ್ಯಕೀಯೇತರ ವಿಭಾಗಗಳ ಬಾಗಿಲು ಅವರಿಗೆ ತೆರೆದದ್ದು 1992ರಲ್ಲಿ. ಎಂದರೆ 1976ರಲ್ಲಿ ಸೇನೆಯ ಸಮವಸ್ತ್ರ ತೊಡಲು ಬಯಸುವ ಹೆಣ್ಣುಮಗಳಿಗೆ ಇದ್ದದ್ದು ವೈದ್ಯೆಯಾಗುವ ಅಥವಾ ನರ್ಸ್ ಆಗುವ ದಾರಿ. ರಾಮ್ ಅವರದು ಎರಡನೆಯದು. ಪರಮ ವಿಶಿಷ್ಟ ಸೇವಾ ಪದಕ ಮತ್ತು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಕೊಡುವ ಫ್ಲಾರೆನ್ಸ್ ನೈಟಿಂಗೇಲ್ ಪದಕ ಅವರಿಗೆ ಸಂದವು. 2002ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಎಣಿಕೆ ತಪ್ಪಿದ್ದೆಲ್ಲಿ?

‘ಮೂರನೆಯ ದೇಶ’ ಎಂಬ ವಾಕ್ಯದ ಹಿಂದಿರುವ ಇಬ್ಬರನ್ನು ಮೊದಲು ನೋಡೋಣ. ಅಮೆರಿಕದಲ್ಲಿ 1970ರ ಜೂನ್ 11ರಂದು ಆರ್ಮಿ ನರ್ಸ್ ಕೋರ್‌ನ ಮುಖ್ಯಸ್ಥೆ ಆನ್ನಾ ಮೇ ಹೇಸ್ ಬ್ರಿಗೇಡಿಯರ್ ಜನರಲ್ ಆದರು. ಮಹಿಳಾ ಅಧಿಕಾರಿಗಳ ಬಡ್ತಿಗಿದ್ದ ಮಿತಿಯನ್ನು ಅಲ್ಲಿ ಕಾನೂನು ತೆಗೆದುಹಾಕಿದ್ದು 1967ರಲ್ಲಿ. ಫ್ರಾನ್ಸ್‌ನಲ್ಲಿ 1976ರ ಏಪ್ರಿಲ್‌ನಲ್ಲಿ, ಎಂದರೆ ರಾಮ್ ಅವರಿಗಿಂತ ನಾಲ್ಕೇ ತಿಂಗಳ ಮೊದಲು, ಶಸ್ತ್ರವೈದ್ಯೆಯೂ ಹೆಲಿಕಾಪ್ಟರ್ ಪೈಲಟ್ ಕೂಡ ಆಗಿದ್ದ ವಲೇರಿ ಆಂದ್ರೆ ವೈದ್ಯಕೀಯ ಜನರಲ್ ಆದರು. ಈ ಎರಡು ದಿನಾಂಕಗಳನ್ನು ಭಾರತದ ದಿನಾಂಕದ ಹಿಂದೆ ಜೋಡಿಸಿದರೆ ‘ಮೂರನೆಯ’ ಎಂಬುದು ತಾನಾಗಿ ಬರುತ್ತದೆ.

ಆದರೆ ಸಾಲು ಪೂರ್ತಿಯಾಗಿಲ್ಲ. ಚೀನಾದ ಜನಮುಕ್ತಿ ಸೇನೆ 1955ರಲ್ಲಿ ಮೊದಲ ಬಾರಿಗೆ ದರ್ಜೆಗಳನ್ನು ಕೊಟ್ಟಾಗ ಹುನಾನ್ ಪ್ರಾಂತದ ಲಿ ಝೆನ್ ಜನರಲ್ ದರ್ಜೆ ಪಡೆದರು. ವಿಯೆಟ್ನಾಂನಲ್ಲಿ, ದಕ್ಷಿಣದ ವಿಮೋಚನಾ ಪಡೆಗಳ ಉಪದಂಡನಾಯಕಿಯಾಗಿದ್ದ ನ್ಗುಯೆನ್ ಥಿ ದಿನ್ 1974ರಲ್ಲಿ ಜನರಲ್ ಆದರು. ಇಬ್ಬರ ದರ್ಜೆಯನ್ನೂ ಸಾಮಾನ್ಯವಾಗಿ ‘ಮೇಜರ್ ಜನರಲ್’ ಎಂದೇ ಅನುವಾದಿಸುತ್ತಾರೆ. ಹೀಗೆ ಚೀನಾ, ಅಮೆರಿಕ, ವಿಯೆಟ್ನಾಂ, ಫ್ರಾನ್ಸ್ ಆದ ಮೇಲೆ ಭಾರತದ ಸ್ಥಾನ ಹೆಚ್ಚೆಂದರೆ ಐದನೆಯದು. ಕಮ್ಯುನಿಸ್ಟ್ ಸೇನೆಗಳನ್ನು ಲೆಕ್ಕಕ್ಕೆ ಹಿಡಿಯದ ಶೀತಲಸಮರದ ಕಾಲದ ಪಾಶ್ಚಾತ್ಯ ಪಟ್ಟಿಯೊಂದನ್ನು ನಮ್ಮವರು ಹಾಗೆಯೇ ಎತ್ತಿಕೊಂಡಂತೆ ಕಾಣುತ್ತದೆ.

ಬ್ರಿಟನ್ನಿನದು ಇನ್ನೊಂದು ತೊಡಕು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯ ಮಹಿಳಾ ಸಹಾಯಕ ಪಡೆಯ ನಿರ್ದೇಶಕಿಯರಾಗಿದ್ದ ಹೆಲೆನ್ ಗ್ವಿನ್-ವಾನ್, ಜೀನ್ ನಾಕ್ಸ್ ಮೊದಲಾದವರ ಪದನಾಮ ‘ಚೀಫ್ ಕಂಟ್ರೋಲರ್’. ಅದನ್ನು ಮೇಜರ್ ಜನರಲ್‌ಗೆ ಸಮವೆಂದು ಪರಿಗಣಿಸಲಾಗಿತ್ತು. ಸಮಾನತೆಯೊಂದೇ ಸಾಕು ಎನ್ನುವವರು ಬ್ರಿಟನ್ನನ್ನು ಪಟ್ಟಿಯ ತಲೆಗೇ ಇಡಬೇಕಾಗುತ್ತದೆ. ದರ್ಜೆಯ ಹೆಸರೂ ಇರಬೇಕು ಎನ್ನುವವರು ಬಿಡಬೇಕಾಗುತ್ತದೆ. ‘ಸಮಾನ ದರ್ಜೆ’ಯೂ ‘ದರ್ಜೆ’ಯೂ ಒಂದೇ ಅಲ್ಲವಾದ್ದರಿಂದ ನಾನು ಎರಡನೆಯ ಪಕ್ಷದವನು.

ನಕ್ಷತ್ರಗಳ ಮೋಸ

ಎಣಿಕೆಯನ್ನು ‘ಯಾವುದೇ ಜನರಲ್ ದರ್ಜೆ’ ಎಂದು ಹಿಡಿಯದೆ ‘ಎರಡು ನಕ್ಷತ್ರದ ದರ್ಜೆ’ ಎಂದು ಬಿಗಿಗೊಳಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ರಾಮ್ ಪಡೆದದ್ದು ಅದೇ ತಾನೆ? ಪ್ರಶ್ನೆ ನ್ಯಾಯವಾದದ್ದೇ, ಆದರೆ ನಕ್ಷತ್ರದ ಲೆಕ್ಕದಲ್ಲಿ ಎಡವುವುದು ಸುಲಭ. ನಮ್ಮ ಸೇನೆಯ ಮೇಜರ್ ಜನರಲ್ ಒಬ್ಬರನ್ನು ಹತ್ತಿರದಿಂದ ನೋಡಿ. ಭುಜಪಟ್ಟಿಯ ಮೇಲೆ ಅಡ್ಡಡ್ಡ ಇಟ್ಟ ಖಡ್ಗ ಮತ್ತು ದಂಡ, ಅದರ ಮೇಲೆ ಒಂದೇ ಒಂದು ನಕ್ಷತ್ರ. ಎರಡು ನಕ್ಷತ್ರ ಕಾಣುವುದು ಕೊರಳಪಟ್ಟಿಯ ಕೆಂಪು ತುಂಡಿನ ಮೇಲೆ, ಕಾರಿನ ಫಲಕದ ಮೇಲೆ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ಬ್ರಿಗೇಡಿಯರ್‌ರ ಭುಜದ ಮೇಲೆ ಮೂರು ನಕ್ಷತ್ರಗಳಿರುತ್ತವೆ, ಜೊತೆಗೆ ಅಶೋಕ ಸಿಂಹ. ಒಂದೇ ಸೇನೆಯೊಳಗೇ ನಕ್ಷತ್ರ ಎಣಿಸುವುದು ಇಷ್ಟು ತೊಡಕಾದರೆ ದೇಶದಿಂದ ದೇಶಕ್ಕೆ ಕೇಳುವುದೇ ಬೇಡ.

ಫ್ರಾನ್ಸ್‌ನ ಆಂದ್ರೆ 1976ರಲ್ಲಿ ಧರಿಸಿದ್ದು ಎರಡು ನಕ್ಷತ್ರ. ಆದರೆ ಆ ದೇಶದಲ್ಲಿ ಎರಡು ನಕ್ಷತ್ರವೆಂದರೆ ಬ್ರಿಗೇಡ್ ಮಟ್ಟದ ಜನರಲ್, ಜನರಲ್ ದರ್ಜೆಗಳಲ್ಲಿ ಮೊದಲ ಮೆಟ್ಟಿಲು. ಅವರು ಮುಂದಿನ ಮೆಟ್ಟಿಲೇರಿದ್ದು 1981ರಲ್ಲಿ. ಚೀನಾ ಮತ್ತು ವಿಯೆಟ್ನಾಂಗಳ ‘ಮೇಜರ್ ಜನರಲ್’ ಸೋವಿಯತ್ ಪದ್ಧತಿಯದು, ಅದೂ ಜನರಲ್ ದರ್ಜೆಗಳಲ್ಲಿ ಕೊನೆಯದೇ. ಅನುವಾದದ ಹೆಸರು ಒಂದೇ ಆದರೂ ಸ್ಥಾನ ಬೇರೆ.

ಈ ವ್ಯತ್ಯಾಸಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು, ಜನರಲ್ ದರ್ಜೆಗಳ ಎರಡನೆಯ ಮೆಟ್ಟಿಲನ್ನು ಅಳತೆಯಾಗಿಟ್ಟರೆ ಪಟ್ಟಿ ಬೇರೆಯಾಗುತ್ತದೆ. ಅಮೆರಿಕದ ವಾಯುಪಡೆಯ ಜೀನ್ ಹೋಮ್ 1973ರಲ್ಲಿ ಮೇಜರ್ ಜನರಲ್ ಆದರು. ನನಗೆ ಕಾಣುವ ಮಟ್ಟಿಗೆ ನಂತರದ ಹೆಸರು ರಾಮ್ ಅವರದೇ. ಹೀಗೆ ಸಡಿಲ ಅಳತೆಯಲ್ಲಿ ಭಾರತ ಐದನೆಯದು ಅಥವಾ ಅದಕ್ಕೂ ಹಿಂದಿನದು, ಬಿಗಿ ಅಳತೆಯಲ್ಲಿ ಬಹುಶಃ ಎರಡನೆಯದು. ‘ಮೂರನೆಯದು’ ಎಂಬುದಕ್ಕೆ ಎರಡರಲ್ಲೂ ಜಾಗವಿಲ್ಲ. ಸಡಿಲ ಅಳತೆಯಿಂದ ಫ್ರಾನ್ಸನ್ನು ಒಳಗೆ ಬಿಟ್ಟುಕೊಂಡು, ಚೀನಾ–ವಿಯೆಟ್ನಾಂಗಳನ್ನು ಯಾವ ಅಳತೆಯನ್ನೂ ಹೇಳದೆ ಹೊರಗಿಟ್ಟರೆ ಮಾತ್ರ ಆ ಅಂಕಿ ಹೊರಡುತ್ತದೆ.

ನರ್ಸ್ ಎಂಬ ಕಾರಣಕ್ಕೆ

ಇಲ್ಲಿಯವರೆಗಿನದು ತಿದ್ದುಪಡಿ. ಇದಕ್ಕಿಂತ ಮುಖ್ಯವಾದ ಮಾತು ಮುಂದಿದೆ, ಅದನ್ನು ಎಚ್ಚರದಿಂದಲೇ ಹೇಳಬೇಕು. ಮೇಲಿನ ಪಟ್ಟಿಯಲ್ಲಿ ಲಿ ಝೆನ್ ಮತ್ತು ನ್ಗುಯೆನ್ ಥಿ ದಿನ್ ಕ್ರಾಂತಿಯ ಹೋರಾಟದಿಂದ ಬಂದವರು, ಆಂದ್ರೆ ವೈದ್ಯೆ, ಹೋಮ್ ಆಡಳಿತದವರು. ನರ್ಸುಗಳು ಹೇಸ್ ಮತ್ತು ರಾಮ್ ಮಾತ್ರ. ಹೇಸ್ ತಲುಪಿದ್ದು ಮೊದಲ ಮೆಟ್ಟಿಲನ್ನು. ಆದ್ದರಿಂದ, ಭೂಸೇನೆಗಳ ಮಟ್ಟಿಗೆ, ಶುಶ್ರೂಷಾ ವೃತ್ತಿಯಲ್ಲಿದ್ದುಕೊಂಡೇ ಮೇಜರ್ ಜನರಲ್ ದರ್ಜೆಯನ್ನು ಪೂರ್ಣ ಅರ್ಥದಲ್ಲಿ ಪಡೆದ ಮೊದಲಿಗರಲ್ಲಿ ಒಬ್ಬರು, ಪ್ರಾಯಶಃ ಮೊದಲಿಗರೇ, ರಾಮ್ ಎಂದು ನಾನು ಸೂಚಿಸುತ್ತೇನೆ.

ಈ ಸೂಚನೆಗೆ ಮೂರು ಅಂಕೆಗಳನ್ನು ನಾನೇ ಹಾಕಿಕೊಳ್ಳಬೇಕು. ಒಂದು: ‘ಭೂಸೇನೆ’ ಎಂಬ ಮಾತು ಇಲ್ಲಿ ಅಲಂಕಾರಕ್ಕಲ್ಲ. ಅಮೆರಿಕದ ನೌಕಾಪಡೆಯ ನರ್ಸ್ ಕೋರ್ ನಿರ್ದೇಶಕಿ ಅಲೀನ್ ಡ್ಯೂರ್ಕ್ 1972ರಲ್ಲೇ ರಿಯರ್ ಅಡ್ಮಿರಲ್ ಆಗಿದ್ದರು. ಆಗಿನ ಪದ್ಧತಿಯಂತೆ ಆ ದರ್ಜೆಯವರೆಲ್ಲ ಎರಡು ನಕ್ಷತ್ರ ಧರಿಸುತ್ತಿದ್ದರು. ಆದರೆ ದರ್ಜೆಯಲ್ಲಿ ಮೇಲರ್ಧ, ಕೆಳಾರ್ಧ ಎಂಬ ವಿಭಾಗವಿದ್ದು, ಕೆಳಾರ್ಧದವರ ವೇತನ ಬ್ರಿಗೇಡಿಯರ್ ಜನರಲ್‌ಗೆ ಸಮನಾಗಿತ್ತು. ನಕ್ಷತ್ರವನ್ನು ನಂಬುವುದೇ ಅಥವಾ ವೇತನವನ್ನೇ ಎಂಬುದರ ಮೇಲೆ ಡ್ಯೂರ್ಕ್ ಅವರ ಸ್ಥಾನ ನಿರ್ಧಾರವಾಗುತ್ತದೆ. ಎರಡು: ಹೋಲಿಕೆಗೆ ತೆಗೆದುಕೊಂಡದ್ದು ಮುಖ್ಯವಾಗಿ ಇಂಗ್ಲಿಷ್ ಬರಹಗಳಲ್ಲಿ ದಾಖಲಾದ ಸೇನೆಗಳನ್ನು. ಆಗ್ನೇಯ ಏಷ್ಯಾದ ಮತ್ತು ಲ್ಯಾಟಿನ್ ಅಮೆರಿಕದ ಸೇನೆಗಳನ್ನು ಅವುಗಳದೇ ಭಾಷೆಯ ದಾಖಲೆಗಳಿಂದ ಪರಿಶೀಲಿಸಿದ ಮೇಲಷ್ಟೇ ‘ಪ್ರಾಯಶಃ’ ಎಂಬ ಪದವನ್ನು ತೆಗೆಯಬಹುದು. ಮೂರು: ಮೊದಲಿಗತನವು ವ್ಯಕ್ತಿಯ ಗುಣದ ಅಳತೆಯಲ್ಲ, ಸಂಸ್ಥೆಯೊಂದು ಯಾವಾಗ ಬಾಗಿಲು ತೆರೆಯಿತು ಎಂಬುದರ ಅಳತೆ.

ಈ ಅಂಕೆಗಳ ಒಳಗೂ ಹೋಲಿಕೆ ಬೆರಗು ಹುಟ್ಟಿಸುತ್ತದೆ. ಅಮೆರಿಕದ ಭೂಸೇನೆಯಲ್ಲಿ ಮಹಿಳೆಯೊಬ್ಬರು, ಮೇರಿ ಕ್ಲಾರ್ಕ್, ಮೇಜರ್ ಜನರಲ್ ಆದದ್ದು 1978ರಲ್ಲಿ, ಎಂದರೆ ರಾಮ್ ಅವರ ನಂತರ. ಆ ಸೇನೆಯ ನರ್ಸ್ ಕೋರ್‌ನಿಂದ ನ್ಯಾನ್ಸಿ ಆಡಮ್ಸ್ ಆ ದರ್ಜೆ ತಲುಪಿದ್ದು 1998ರಲ್ಲಿ. ‘ಅಮೆರಿಕದ ನಂತರ’ ಎಂದು ನಾವು ಹೇಳಿಕೊಂಡು ಬಂದ ಸಂಗತಿಯಲ್ಲಿ, ಸೇನೆಗೆ ಸೇನೆಯನ್ನು, ವೃತ್ತಿಗೆ ವೃತ್ತಿಯನ್ನು ಹೋಲಿಸಿದರೆ, ಅಮೆರಿಕವೇ ಇಪ್ಪತ್ತೆರಡು ವರ್ಷ ಹಿಂದಿತ್ತು.

‘ಸಹಾಯಕ ಪಡೆ’ಯ ಆಕ್ಷೇಪ

ಈ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ನರ್ಸಿಂಗ್ ಸರ್ವಿಸ್ ಶಾಸನದ ಪ್ರಕಾರ ಸಹಾಯಕ ಪಡೆ, ಅಲ್ಲಿರುವವರು ಮಹಿಳೆಯರೇ. ಹಾಗಿದ್ದಮೇಲೆ ಅದರ ಮುಖ್ಯಸ್ಥೆಯ ದರ್ಜೆಯನ್ನು ಸೇನೆಯ ಮೇಜರ್ ಜನರಲ್ ದರ್ಜೆಯೊಡನೆ ತೂಗುವುದು ಸರಿಯೇ? ಗ್ವಿನ್-ವಾನ್ ಅವರನ್ನು ಹೊರಗಿಟ್ಟವನು ರಾಮ್ ಅವರನ್ನು ಒಳಗಿಡುವುದು ಹೇಗೆ? ಆಕ್ಷೇಪಕ್ಕೆ ನ್ಯಾಯಾಲಯದ ಬಲವೂ ಉಂಟು. ಈ ಸೇವೆಯ ಸ್ಥಾನಮಾನದ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2003ರ ತೀರ್ಪು ಇದನ್ನು ಸೇನೆಯ ಭಾಗವಾಗಿದ್ದರೂ ಪ್ರತ್ಯೇಕ ವರ್ಗವೆಂದು ಕಂಡಿತು.

ಆದರೆ ಎರಡೂ ಸಂದರ್ಭಗಳ ನಡುವೆ ಅಂತರವಿದೆ. ಬ್ರಿಟನ್ನಿನ ‘ಚೀಫ್ ಕಂಟ್ರೋಲರ್’ಗೆ ಇದ್ದದ್ದು ದರ್ಜೆಯ ಬೆಲೆ, ದರ್ಜೆಯ ಹೆಸರಲ್ಲ. ರಾಮ್ ಅವರಿಗೆ ಹೆಸರು ಮತ್ತು ಕಮಿಷನ್ ಎರಡೂ ಇದ್ದವು; ಸೇನಾ ಕಾಯ್ದೆಯ ಶಿಸ್ತೂ ಅವರ ಸೇವೆಗೆ ಅನ್ವಯಿಸುತ್ತಿತ್ತು. ‘ಪ್ರತ್ಯೇಕ ವರ್ಗ’ ಎಂಬುದು ಸೌಲಭ್ಯಗಳ ಸಮಾನತೆಗೆ ಸಂಬಂಧಿಸಿದ ಮಾತು, ದರ್ಜೆ ಸುಳ್ಳೆಂಬ ಮಾತಲ್ಲ. ಆದರೂ ಆಕ್ಷೇಪದ ಒಂದು ಪಾಲನ್ನು ಒಪ್ಪಲೇಬೇಕು. ಮಹಿಳೆಯರೇ ಇರುವ ಸೇವೆಯ ತುದಿಗೆ ಮಹಿಳೆಯೇ ಏರಬೇಕು. ಹಾಗಾಗಿ 1976ರ ನಿರ್ಧಾರವನ್ನು ‘ಮಹಿಳೆಗೆ ಕೊಟ್ಟ ದರ್ಜೆ’ ಎನ್ನುವುದಕ್ಕಿಂತ ‘ಶುಶ್ರೂಷೆಗೆ ಕೊಟ್ಟ ದರ್ಜೆ’ ಎಂದು ಓದುವುದು ಸರಿ.

1975 ಅಂತಾರಾಷ್ಟ್ರೀಯ ಮಹಿಳಾ ವರ್ಷ, 1974ರಲ್ಲಿ ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿಯ ವರದಿ ಬಂದಿತ್ತು, ಆಂದ್ರೆ ಅವರ ಬಡ್ತಿ ನಾಲ್ಕು ತಿಂಗಳ ಹಿಂದಿನದು. 1976ರ ಆ ನಿರ್ಧಾರಕ್ಕೆ ಇವುಗಳನ್ನು ಕಾರಣವೆಂದು ಹೇಳುವ ಆಸೆಯಾಗುತ್ತದೆ. ಆದರೆ ಒಂದರ ಪಕ್ಕ ಇನ್ನೊಂದು ಬಂದ ಮಾತ್ರಕ್ಕೆ ಅದು ಕಾರಣವಾಗದು.

ಮುಗಿವು

ರಾಮ್ ಅವರ ನಂತರದ ಚರಿತ್ರೆ ಈ ಓದಿಗೆ ಪೂರಕವಾಗಿದೆ. ಭಾರತದಲ್ಲಿ ಲೆಫ್ಟಿನೆಂಟ್ ಜನರಲ್ ಆದ ಮೊದಲ ಮಹಿಳೆ, 2004ರಲ್ಲಿ, ಪುನೀತಾ ಅರೋರಾ. 2024ರಲ್ಲಿ ಸಾಧನಾ ಸಕ್ಸೇನಾ ನಾಯರ್ ಸೇನೆಯ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕಿಯಾದರು, ಆರತಿ ಸರೀನ್ ಮೂರೂ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕಿಯಾದರು. ಎಲ್ಲರೂ ವೈದ್ಯೆಯರು. ಹೆಣ್ಣಿಗಿದ್ದ ಎತ್ತರದ ಮಿತಿ ಸರಿಯುತ್ತ ಹೋದದ್ದು ವೈದ್ಯವೃತ್ತಿಯ ದಾರಿಯಲ್ಲಿ. ನರ್ಸಿನ ದಾರಿಯಲ್ಲಿ ಅದು ರಾಮ್ ತಲುಪಿದಲ್ಲೇ ಇದೆ. ‘ಮೂರನೆಯ ದೇಶ’ ಎಂಬ ಹೆಮ್ಮೆಯ ವಾಕ್ಯ ಈ ನಿಶ್ಚಲತೆಯನ್ನು ಕಾಣದಂತೆ ಮಾಡಿದೆ.

ಎಣಿಕೆಯನ್ನು ತಿದ್ದಿದೊಡನೆ ಕೆಲಸ ಮುಗಿಯುವುದಿಲ್ಲ. ರಾಮ್ ಅವರನ್ನು ಕುರಿತ ಬರಹಗಳು ಒಂದು ದಿನಾಂಕಕ್ಕೆ, ಒಂದು ಕ್ರಮಾಂಕಕ್ಕೆ ಅಂಟಿಕೊಂಡಿವೆ. ವಾರ್ಡುಗಳಲ್ಲಿ ಕಳೆದ ದಶಕಗಳು ಇನ್ನೂ ಚರಿತ್ರೆಯಾಗಬೇಕಿವೆ. 1888ರಲ್ಲಿ ಮೊದಲ ನರ್ಸುಗಳು ಬಂದ ಬೆಂಗಳೂರಿನಲ್ಲಿ ಇಂದು ವಾಯುಪಡೆಯ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜು ಈ ಸೇವೆಗೆ ಅಧಿಕಾರಿಗಳನ್ನು ತಯಾರುಮಾಡುತ್ತಿದೆ, ನಿವೃತ್ತ ಅಧಿಕಾರಿಣಿಯರು ನಮ್ಮ ಊರುಗಳಲ್ಲಿದ್ದಾರೆ. ಅವರ ನೆನಪುಗಳನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಮುಖ್ಯಸ್ಥೆಯ ದರ್ಜೆ 1976ರಲ್ಲಿ ಮೇಜರ್ ಜನರಲ್ ಆಗಿತ್ತು. ಇಂದಿಗೂ ಅದು ಮೇಜರ್ ಜನರಲ್.