ಬೆಟ್ಟ ತನ್ನ ಚರಿತ್ರೆಯನ್ನು ತಾನೇ ಓದಿದಾಗ

ಅಮೆರಿಕದ ಪೂರ್ವಭಾಗದಲ್ಲಿ ಅಲಬಾಮಾದಿಂದ ಕೆನಡಾದವರೆಗೆ ಚಾಚಿಕೊಂಡಿರುವ ಪರ್ವತಶ್ರೇಣಿಯ ನಾಡನ್ನು ‘ಅಪಲೇಶಿಯ’ ಎಂದು ಉಚ್ಚರಿಸಬೇಕೆಂದು ಎಂ.ಎ. ಓದುವ ದಿನಗಳಲ್ಲಿ ನಾನು ನಿಘಂಟು ನೋಡಿ ಕಲಿತಿದ್ದೆ. ಕೆಂಟಕಿ, ವರ್ಜೀನಿಯಾ, ಟೆನೆಸಿಗಳ ಬೆಟ್ಟದ ಜನ ತಮ್ಮ ನಾಡನ್ನು ಹಾಗೆ ಕರೆಯುವುದಿಲ್ಲವೆಂಬುದು ಬಹಳ ವರ್ಷಗಳ ಅನಂತರ ತಿಳಿಯಿತು. ಅವರ ಬಾಯಲ್ಲಿ ಅದು ‘ಅಪಲ್ಯಾಚ’. ಹೊರಗಿನವನೋ ಒಳಗಿನವನೋ ಎಂಬುದು ಈ ಒಂದು ಪದದಲ್ಲಿಯೇ ಅವರಿಗೆ ಗೊತ್ತಾಗಿಬಿಡುತ್ತದೆ. ಆ ನಾಡಿನ ಚರಿತ್ರೆಯಲ್ಲಿಯೂ ನಡೆದದ್ದು ಇದೇ: ಬರೆದವರೆಲ್ಲ ಹೊರಗಿನವರು, ಬರೆಯಿಸಿಕೊಂಡವರು ಒಳಗಿನವರು.

1873ರಲ್ಲಿ ವಿಲ್ ವಾಲೇಸ್ ಹಾರ್ನಿ ಎಂಬ ಲೇಖಕ ‘ಲಿಪಿಂಕಾಟ್ಸ್’ ಎಂಬ ಮಾಸಪತ್ರಿಕೆಯಲ್ಲಿ ಈ ಬೆಟ್ಟಗಳ ಕುರಿತು ಪ್ರವಾಸಲೇಖನವೊಂದನ್ನು ಪ್ರಕಟಿಸಿದ. ವಿಚಿತ್ರ ನಾಡು, ವಿಲಕ್ಷಣ ಜನ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. 1899ರಲ್ಲಿ ಬೆರಿಯಾ ಕಾಲೇಜಿನ ಅಧ್ಯಕ್ಷ ವಿಲಿಯಂ ಗುಡೆಲ್ ಫ್ರಾಸ್ಟ್ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಈ ಜನರನ್ನು ‘ನಮ್ಮ ಸಮಕಾಲೀನ ಪೂರ್ವಜರು’ ಎಂದು ಕರೆದ. ಕಾಲ ಅಲ್ಲಿ ನಿಂತುಹೋಗಿದೆ, ಅವರು ಇನ್ನೂ ಹಿಂದಿನ ಶತಮಾನದಲ್ಲಿ ಬದುಕುತ್ತಿದ್ದಾರೆ ಎಂಬುದು ಅವನ ಅಭಿಪ್ರಾಯ. ಫ್ರಾಸ್ಟ್ ಕೇಡು ಬಯಸಿದವನಲ್ಲ. ಆ ಮಕ್ಕಳಿಗೆ ವಿದ್ಯೆ ಕೊಡಿಸಲು ಹಣ ಕೂಡಿಸುತ್ತಿದ್ದವನು. ಆದರೆ ಕರುಣೆಯ ಮಾತು ಕೂಡ ಒಂದು ಜನಾಂಗವನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಬಲ್ಲದು.

1916ರಿಂದ 1918ರವರೆಗೆ ಇಂಗ್ಲೆಂಡಿನ ಸೆಸಿಲ್ ಶಾರ್ಪ್ ತನ್ನ ಸಹಾಯಕಿ ಮಾಡ್ ಕಾರ್ಪೆಲೆಸ್‌ಳೊಂದಿಗೆ ಈ ಬೆಟ್ಟಗಳಲ್ಲಿ ನಡೆದಾಡಿ ಹಾಡುಗಳನ್ನು ಸಂಗ್ರಹಿಸಿದ. ಆ ಪರಿಶ್ರಮ ಅಸಾಧಾರಣವಾದದ್ದು. ಆದರೆ ಅವನು ಹುಡುಕಿದ್ದು ಇಂಗ್ಲೆಂಡಿನಲ್ಲಿ ಮರೆಯಾಗುತ್ತಿದ್ದ ಹಾಡುಗಳನ್ನು. ಆದ್ದರಿಂದ ಸಿಕ್ಕಿದ್ದೂ ಬಹುಮಟ್ಟಿಗೆ ಅವೇ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ತಂದ ಬ್ಯಾಂಜೋ ವಾದ್ಯ ಬೆಟ್ಟದ ಮನೆಮನೆಯಲ್ಲಿ ಕೇಳಿಬರುತ್ತಿದ್ದರೂ ಕರಿಯರ ಸಂಗೀತ ಅವನ ಸಂಗ್ರಹದಲ್ಲಿ ಮುಖ್ಯವಾಗಲಿಲ್ಲ. 1838ರಲ್ಲಿ ಚೆರೊಕೀ ಜನರನ್ನು ಸೈನ್ಯದ ಬಲದಿಂದ ಪಶ್ಚಿಮಕ್ಕೆ ಅಟ್ಟಿದ ಬೆಟ್ಟಗಳೂ ಇವೇ. ‘ಶುದ್ಧ ಆಂಗ್ಲ ಪರಂಪರೆ’ ಎಂಬ ಚಿತ್ರದಲ್ಲಿ ಇವರಾರಿಗೂ ಸ್ಥಳವಿರಲಿಲ್ಲ.

ಹಾಡು ಸಂಗ್ರಹಿಸುವವರು ಬರುವುದಕ್ಕೆ ಮುನ್ನವೇ ಕಲ್ಲಿದ್ದಲಿನವರು ಬಂದಿದ್ದರು. ‘ಬ್ರಾಡ್ ಫಾರ್ಮ್ ಡೀಡ್’ ಎಂಬ ಬಗೆಯ ಕ್ರಯಪತ್ರದ ಮೂಲಕ ರೈತನು ನೆಲದ ಮೇಲ್ಮೈಯನ್ನು ಉಳಿಸಿಕೊಂಡು, ಅಡಿಯ ಖನಿಜವನ್ನೂ ಅದನ್ನು ತೆಗೆಯುವ ಹಕ್ಕನ್ನೂ ಅತಿ ಕಡಿಮೆ ಬೆಲೆಗೆ ಬರೆದುಕೊಟ್ಟ. ಮೇಲ್ಮೈಯನ್ನೇ ಬಗೆದು ತೆಗೆಯುವ ಯಂತ್ರಗಳು ಮುಂದೆ ಬಂದಾಗ, ಅಜ್ಜ ಹಾಕಿದ ಒಂದು ಸಹಿಯ ಬಲದಿಂದ ಮೊಮ್ಮಕ್ಕಳ ಹೊಲ, ಹಿತ್ತಿಲುಗಳು ಹೋದವು. 1965ರಲ್ಲಿ ನಾಟ್ ಕೌಂಟಿಯ ಆಲಿ ಕೂಂಬ್ಸ್ ಎಂಬ ವಿಧವೆ ಬುಲ್ಡೋಜರಿನ ಮುಂದೆ ಕುಳಿತಳು. ಪೊಲೀಸರು ಅವಳನ್ನು ಎತ್ತಿಕೊಂಡು ಹೋಗುತ್ತಿರುವ ಛಾಯಾಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಭೂಮಾಲೀಕನ ಒಪ್ಪಿಗೆಯಿಲ್ಲದೆ ಹಾಗೆ ಬಗೆಯಬಾರದೆಂದು ಕೆಂಟಕಿಯ ಜನ ಸಂವಿಧಾನ ತಿದ್ದುಪಡಿಗೆ ಮತ ಕೊಟ್ಟದ್ದು 1988ರಲ್ಲಿ.

ಈ ಹಿನ್ನೆಲೆಯಲ್ಲಿ ‘ಅಪಲಾಚಿಯಾ ಅಧ್ಯಯನ’ ಎಂಬ ವಿಷಯ ಕಾಲೇಜುಗಳನ್ನು ಪ್ರವೇಶಿಸಿತು. ವರ್ಜೀನಿಯಾದ ವೈಸ್ ಎಂಬ ಸಣ್ಣ ಊರಿನ ಕ್ಲಿಂಚ್ ವ್ಯಾಲಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಬೋಧಿಸುತ್ತಿದ್ದ ಹೆಲೆನ್ ಲೂಯಿಸ್ ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು. ‘ಬೆಟ್ಟದವರು ಹಿಂದುಳಿದದ್ದು ಅವರ ಸಂಸ್ಕೃತಿಯಿಂದ’ ಎಂಬ ಆ ಕಾಲದ ವಿವರಣೆಯನ್ನು ಅವರು ತಿರುಗಿಸಿ ಕೇಳಿದರು: ಇಲ್ಲಿಯ ಸಂಪತ್ತು ಯಾರ ಕೈಯಲ್ಲಿದೆ? 1978ರಲ್ಲಿ ಸಹಸಂಪಾದಕರೊಂದಿಗೆ ಅವರು ಹೊರತಂದ ‘ಕಲೋನಿಯಲಿಸಂ ಇನ್ ಮಾಡರ್ನ್ ಅಮೆರಿಕ’ ಎಂಬ ಸಂಕಲನದ ಹೆಸರೇ ಅವರ ವಾದವನ್ನು ಹೇಳುತ್ತದೆ. ಮುಂದೆ ಊರವರೂ ವಿದ್ವಾಂಸರೂ ಕೂಡಿ ಆರು ರಾಜ್ಯಗಳ 80 ಕೌಂಟಿಗಳ ಕಚೇರಿಗಳಲ್ಲಿ ಭೂದಾಖಲೆಗಳನ್ನು ಪರಿಶೀಲಿಸಿದರು. ನೆಲದ, ಖನಿಜದ ಬಹುಪಾಲು ದೂರದ ಒಡೆಯರ, ಕಂಪನಿಗಳ ವಶದಲ್ಲಿದೆ, ಅವು ತೆರುವ ತೆರಿಗೆ ಅತ್ಯಲ್ಪ ಎಂಬುದು ಕಡತಗಳಿಂದಲೇ ಸಾಬೀತಾಯಿತು. ದಿನವಿಡೀ ಕಡತಗಳ ನಡುವೆ ಕೂರುವ ನನ್ನಂಥ ಸರ್ಕಾರಿ ನೌಕರನಿಗೆ ಈ ಪ್ರಸಂಗ ವಿಶೇಷವಾಗಿ ಪ್ರಿಯವಾದದ್ದು. ಜನಪದದ ಚರಿತ್ರೆ ಹಾಡಿನಲ್ಲಿ ಇರುವಷ್ಟೇ ಪಹಣಿಯಲ್ಲಿಯೂ ಇರುತ್ತದೆ.

ಈ ಅಧ್ಯಯನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಡೆಯುವುದಕ್ಕೂ ಕಮ್ಯುನಿಟಿ ಕಾಲೇಜುಗಳಲ್ಲಿ ನಡೆಯುವುದಕ್ಕೂ ಅಂತರವಿದೆ. ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷಗಳ ಸ್ಥಳೀಯ ವಿದ್ಯಾಸಂಸ್ಥೆ. 1947ರ ಟ್ರೂಮನ್ ಆಯೋಗದ ವರದಿ ಆ ಹೆಸರನ್ನು ದೇಶದಲ್ಲಿ ರೂಢಿಗೆ ತಂದಿತು. ಶುಲ್ಕ ಕಡಿಮೆ, ವಿದ್ಯಾರ್ಥಿಗಳು ಮನೆಯಲ್ಲಿದ್ದುಕೊಂಡು, ಹಲವರು ದುಡಿಯುತ್ತ, ದಾದಿ ಕೆಲಸವನ್ನೋ ವೆಲ್ಡಿಂಗನ್ನೋ ಕಲಿಯುತ್ತಾರೆ. ಅಂಥವರ ನಡುವೆ ಬೆಟ್ಟದ ಸಂಸ್ಕೃತಿಯ ಪಾಠವೂ ಒಂದು. ಅಲ್ಲಿ ಓದುವವನೂ ಓದಿನ ವಸ್ತುವೂ ಒಬ್ಬನೇ. ಗಣಿಯ ಮುಷ್ಕರದ ಬಗ್ಗೆ ಟಿಪ್ಪಣಿ ಬರೆಯಬೇಕಾದ ಹುಡುಗಿ ಗ್ರಂಥಾಲಯಕ್ಕೆ ಹೋಗುವ ಮೊದಲು ತನ್ನ ಅಜ್ಜನನ್ನು ಕೇಳಬಹುದು.

ಕೆಂಟಕಿಯ ಹಾರ್ಲನ್ ಕೌಂಟಿಯ ಕಂಬರ್ಲೆಂಡ್ ಎಂಬ ಊರಿನಲ್ಲಿರುವ ಸೌತ್‌ಈಸ್ಟ್ ಕಾಲೇಜು ಇದಕ್ಕೆ ಒಳ್ಳೆಯ ನಿದರ್ಶನ. ಸಮೀಪದ ಲಿಂಚ್ ಪಟ್ಟಣವನ್ನು 1917ರಲ್ಲಿ ಕಟ್ಟಿದ್ದು ಯು.ಎಸ್. ಸ್ಟೀಲ್ ಕಂಪನಿ. ಮನೆ, ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲವೂ ಕಂಪನಿಯದೇ. ಹಂಗೇರಿ, ಇಟಲಿಗಳಿಂದ ವಲಸೆ ಬಂದವರೂ ಅಲಬಾಮಾದಿಂದ ಬಂದ ಕರಿಯ ಕಾರ್ಮಿಕರೂ ಅಲ್ಲಿ ಗಣಿಗಿಳಿದರು. ‘ಕಾಲ ನಿಂತ ಬೆಟ್ಟ’ ಎಂಬ ಮಾತನ್ನು ಅಲ್ಲಗಳೆಯಲು ಆ ಒಂದು ಊರೇ ಸಾಕು. 1931ರಲ್ಲಿ ಇದೇ ಕೌಂಟಿಯ ಕಾರ್ಮಿಕ ಹೋರಾಟ ರಕ್ತಪಾತಕ್ಕೆ ತಿರುಗಿ ‘ಬ್ಲಡಿ ಹಾರ್ಲನ್’ ಎಂಬ ಹೆಸರು ಅಂಟಿಕೊಂಡಿತು. ಪಕ್ಕದ ಬೆನ್‌ಹ್ಯಾಮಿನಲ್ಲಿ ಹಿಂದೆ ಕಂಪನಿಯ ಅಂಗಡಿಯಾಗಿದ್ದ ಕಟ್ಟಡ ಈಗ ಕಲ್ಲಿದ್ದಲು ಗಣಿಗಾರಿಕೆಯ ವಸ್ತುಸಂಗ್ರಹಾಲಯ; ಅದು ಈ ಕಾಲೇಜಿನ ಸ್ವತ್ತು. ವಿದ್ಯುತ್ ವೆಚ್ಚ ಉಳಿಸಲೆಂದು 2017ರಲ್ಲಿ ಅದರ ಛಾವಣಿಯ ಮೇಲೆ ಸೌರಫಲಕಗಳು ಬಂದಾಗ ಹೊರಗಿನ ಪತ್ರಿಕೆಗಳು ನಕ್ಕವು. ಕಲ್ಲಿದ್ದಲಿನ ಕಾಲ ಮುಗಿಯುತ್ತಿದೆಯೆಂಬುದನ್ನು ತಮ್ಮ ಮನೆಗಳಲ್ಲಿಯೇ ಕಂಡಿದ್ದ ಹಾರ್ಲನ್ನಿನ ಜನರಿಗೆ ಅದು ಅಷ್ಟೇನೂ ನಗೆಯ ವಿಷಯವಾಗಿರಲಾರದು.

ನೋವುನಿವಾರಕ ಮಾತ್ರೆಗಳ ವ್ಯಸನ ಈ ಬೆಟ್ಟಗಳಲ್ಲಿ ಮನೆಮುರುಕ ಪಿಡುಗಾಗಿ ಹರಡಿದಾಗ ಕಾಲೇಜಿನ ಅಪಲಾಚಿಯಾ ವಿಭಾಗ ಸುಮ್ಮನಿರಲಿಲ್ಲ. ಆಗ ಅದನ್ನು ನಡೆಸುತ್ತಿದ್ದ ಕಾದಂಬರಿಕಾರ ರಾಬರ್ಟ್ ಗೈಪ್ ಅವರ ಮುಂದಾಳತನದಲ್ಲಿ ಊರವರ ನೆನಪುಗಳನ್ನು ಕೇಳಿ ದಾಖಲಿಸಿಕೊಂಡು, ಅವುಗಳಿಂದ ‘ಹೈಯರ್ ಗ್ರೌಂಡ್’ ಎಂಬ ನಾಟಕವನ್ನು ಕಟ್ಟಲಾಯಿತು. 2005ರಲ್ಲಿ ಅದು ರಂಗವೇರಿತು, ಆಡಿದವರೂ ಊರವರೇ. ಮನೆಯೊಳಗೆ ಪಿಸುಗುಟ್ಟುತ್ತಿದ್ದ ಮಾತನ್ನು ನೆರೆಹೊರೆಯವರ ಮುಂದೆ ಗಟ್ಟಿಯಾಗಿ ಆಡುವುದು ಸುಲಭವಲ್ಲ. ಅಲ್ಲಿ ಪರಂಪರೆಯೆಂದರೆ ನೂಲುವುದು, ಹೆಣೆಯುವುದು ಮಾತ್ರವಾಗದೆ ನಿನ್ನೆ ಸತ್ತ ತಮ್ಮನ ಕಥೆಯೂ ಆಯಿತು.

ಈ ಪಾಠಗಳಿಗೆ ಆಕ್ಷೇಪಗಳೂ ಇವೆ. ಪರಂಪರೆಯ ಅಭಿಮಾನ ಬೇಗ ಆತ್ಮಪ್ರಶಂಸೆಯಾಗಬಹುದು, ಪ್ರವಾಸಿಗರಿಗೆ ಮಾರುವ ಸರಕಾಗಬಹುದು. ಗಣಿ ಮುಚ್ಚಿದ ಊರಿನ ಯುವಕನಿಗೆ ಬೇಕಾದದ್ದು ಉದ್ಯೋಗ, ಚರಿತ್ರೆ ಅವನ ಹೊಟ್ಟೆ ತುಂಬಿಸೀತೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ತನ್ನ ಬಡತನಕ್ಕೆ ತನ್ನ ರಕ್ತವೇ, ತನ್ನ ಭಾಷೆಯೇ ಕಾರಣವೆಂದು ನಂಬಿದವನು ಯಾವ ಉದ್ಯೋಗಕ್ಕೂ ತಲೆಯೆತ್ತಿ ಅರ್ಜಿ ಹಾಕುವುದಿಲ್ಲ.

ಇದನ್ನು ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ಕಲಬುರಗಿ ಕಡೆಯ ನನ್ನ ಕನ್ನಡಕ್ಕೆ ಕಾಲೇಜಿನ ತರಗತಿಯೊಂದರಲ್ಲಿ ಎಲ್ಲರೂ ನಕ್ಕಿದ್ದರು; ನಕ್ಕವರೂ ಕನ್ನಡಿಗರೇ. ಅಂದಿನಿಂದ ಬಹುಕಾಲ ನಾನು ಇಂಗ್ಲಿಷಿನಲ್ಲಿ ಅಡಗಿಕೊಂಡೆ. ಇಂದು ದೆಹಲಿಯ ಮನೆಯಲ್ಲಿ ಅವ್ವನ ಫೋನು ಬಂದಾಗ ನನ್ನ ಮಾತು ತಾನಾಗಿಯೇ ಹಳೆಯ ದಾರಿಗೆ ಹೊರಳುತ್ತದೆ. ಪಕ್ಕದಲ್ಲಿ ಕುಳಿತ ಮಗಳು ಒಮ್ಮೆ ಕೇಳಿದಳು: “ಅಪ್ಪಾ, ಅಜ್ಜಿ ಹತ್ತಿರ ಮಾತಾಡುವಾಗ ನೀವು ಬೇರೆಯವರ ಹಾಗೆ ಏಕೆ ಕೇಳಿಸುತ್ತೀರಿ?” ಆಗ ನಾನೇ ನಾನಾಗಿರುತ್ತೇನೆ ಎಂದು ಅವಳಿಗೆ ತಿಳಿಹೇಳಲು ನನಗೆ ಒಂದಿಡೀ ಸಂಜೆ ಹಿಡಿಯಿತು.