ಬೆರಳಿನ ರೇಟು ಎಷ್ಟು? | ನಮ್ಮೂರ ಇತಿಹಾಸ, ಭಾಗ 7

ಆಸಾರ್ ಮಹಲ್ ಮುಂದ ನಿಂತು ರೀಲ್ ಮಾಡ್ತೀರಲ್ಲ, ಮುಂದಿನ ಸಲ ಅದರ ಕಂಬ ನೋಡ್ರಿ. ನಾಲ್ಕು ದೊಡ್ಡ ಕಟ್ಟಿಗಿ ಕಂಬ, ಒಂದೊಂದಕ್ಕ ಎಂಟು ಮೂಲಿ. ಸುಮಾರು 1646ರಾಗ ಮೊಹಮ್ಮದ್ ಆದಿಲ್ ಶಾಹ ಇದನ್ನ ನ್ಯಾಯ ಕೊಡೋ ಮಹಲ್ ಅಂತ ಕಟ್ಟಿಸಿದ್ದ.

ಮಷೀನ್ ಬರೋಕಿಂತ ಮೊದಲು ದಿಮ್ಮಿ ಸೀಳೋದು ಇಬ್ಬರ ಕೆಲಸ. ಒಬ್ಬ ಮ್ಯಾಲೆ, ಒಬ್ಬ ಕೆಳಗ, ನಡುವ ಉದ್ದ ಗರಗಸ. ಬಣ್ಣದಾಗ ಅದ್ದಿದ ದಾರ ಎಳೆದು ಬಿಟ್ಟರ ಕಟ್ಟಿಗಿ ಮ್ಯಾಲೆ ಗೆರಿ ಮೂಡತದ. ಆ ಗೆರಿನ ಅವರ ಗೈಡ್. ತಪ್ಪಿದರ ಹೆಚ್ಚಾಗಿ ಕೆಡೋದು ಕಟ್ಟಿಗಿ.

1777ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಮಾತು ಬರುತ್ತದೆ. ಇದರಿಂದ ಕೆಲಸನ ಉಲ್ಟಾ ಆತು. ಮೊದಲು ಗರಗಸ ಕಟ್ಟಿಗಿ ಕಡೆ ಹೋಗತಿತ್ತು, ಈಗ ಕಟ್ಟಿಗಿನ ಗರಗಸದ ಕಡೆ ದೂಡಬೇಕು. ದಾರದ ಬದಲಿ ಫೆನ್ಸ್ ಬಂತು, ಅಂದ್ರ ಬ್ಲೇಡಿಗೆ ಸಮಾನಾಂತರ ಇರೋ ಪಟ್ಟಿ. ಆದರ ಕಟ್ಟಿಗಿನ ಫೆನ್ಸಿಗೆ ಒತ್ತಿ ಹಿಡಿಯೋದು ಯಾರು? ಕೈ! ಕಟ್ಟಿಗಿ ಸ್ವಲ್ಪ ವಾರಿ ಆಗಿ ಬ್ಲೇಡಿನ ಹಿಂದಿನ ಹಲ್ಲಿಗೆ ಸಿಕ್ಕರ ಅದು ವಾಪಸ್ ನಿಮ್ಮ ಮ್ಯಾಲೆ ಹಾರತದ. ಇದಕ್ಕ ಕಿಕ್‌ಬ್ಯಾಕ್ ಅಂತಾರ. ಒಮ್ಮೊಮ್ಮೆ ಕೈನೂ ಬ್ಲೇಡಿನ ಕಡೆ ಎಳಕೊಂಡು ಹೋಗತದ.

ಕಾನೂನಿಗೆ ಇದು ಗೊತ್ತಿತ್ತು. ಬ್ರಿಟನ್ 1922ರಲ್ಲೇ ಮರಗೆಲಸದ ಯಂತ್ರಗಳಿಗೆ ನಿಯಮ ಮಾಡಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ, ಆಮೇಲೆ 1969ರ ಕರ್ನಾಟಕ ಕಾರ್ಖಾನೆ ನಿಯಮಗಳು ಬಂದವು. ಬ್ಲೇಡಿಗೆ ಮುಚ್ಚಳ ಇರಬೇಕು, ಸೀಳಿದ ಕಟ್ಟಿಗಿ ಕೂಡಿಕೊಳ್ಳದಂಗ ಹಿಂದ ರೈವಿಂಗ್ ನೈಫ್ ಇರಬೇಕು, ದೂಡಾಕ ಪುಶ್ ಸ್ಟಿಕ್ ಇರಬೇಕು. ಆದರ 1948ರ ಕಾಯ್ದೆ ಪ್ರಕಾರ ಕರೆಂಟ್ ಬಳಸೋ ಜಾಗ 'ಕಾರ್ಖಾನೆ' ಅನ್ನಿಸಿಕೊಳ್ಳಾಕ ಸಾಮಾನ್ಯವಾಗಿ 10 ಮಂದಿ ಕೆಲಸಗಾರರು ಬೇಕಿತ್ತು.

ಟಿಕೋಟಾದಾಗ ನಮ್ಮ ಮಾಮಾನ ಅಂಗಡ್ಯಾಗ ಇದ್ದವರು ಮೂರ ಮಂದಿ.

ಬಬಲೇಶ್ವರದ ಒಂದು ಮನಿಗೆ ಬಾಗಲ ಚೌಕಟ್ಟು ಕೊಯ್ಯೋವಾಗ ಮಾಮಾನ ಎರಡು ಬೆರಳು ಹೋದವು. ನಮ್ಮ ಬಿಕಾಂ ಪುಸ್ತಕದಾಗ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಅದ. ಗಳಿಸೋ ಶಕ್ತಿ ಎಷ್ಟು ಹೋತು ಅಂತ ಅದರಾಗ ಪಟ್ಟಿನ ಅದ: ಹೆಬ್ಬೆರಳು ಶೇ. 30, ತೋರುಬೆರಳು ಶೇ. 14, ನಡುಬೆರಳು ಶೇ. 12. ಒಂದ ಕೈಯ ಎರಡು ಬೆರಳಿಗೆ ಶೇ. 20. ಪರೀಕ್ಷೆಗೆ ಬಾಯಿಪಾಠ ಮಾಡೋವಾಗ ನನಗ ಮಾಮಾನ ಕೈನ ಕಣ್ಣ ಮುಂದ ಬಂತು. ಆದರ ಅಂವಗ ಆ ಶೇ. 20 ಸಹ ಇಲ್ಲ. ಯಾಕಂದ್ರ ಅಂವ ಕೆಲಸಗಾರ ಅಲ್ಲ, ಮಾಲಕ.

ಅದಕ್ಕ ಈ ಭಾಗ ಬರದೆ. ನಿಮ್ಮ ಮನ್ಯಾಗ ಯಾರರ ಟೇಬಲ್ ಸಾ ಮ್ಯಾಲೆ ಕೆಲಸ ಮಾಡತಿದ್ದರ ಇಷ್ಟು ಹೇಳ್ರಿ:

1. ಮೊದಲು ಫೆನ್ಸ್ ಅಲುಗಾಡಬಾರದು. ಅದು ಗಟ್ಟಿ ಇಲ್ಲಂದ್ರ ಅದರ ಮ್ಯಾಲೆ ಏನು ಹಾಕಿದರೂ ದಂಡ.
2. ಪ್ಲೈವುಡ್, ಅಗಲ ಹಲಗಿ ಕೊಯ್ಯಾಕ ಗಾಲಿ ಇರೋ ಗೈಡ್ ಛಲೋ. ಫೆನ್ಸ್ ಮ್ಯಾಲೆ ಕೂಡತದ, ಕಟ್ಟಿಗಿನ ಕೆಳಗೂ ಫೆನ್ಸಿನ ಕಡೆಗೂ ಒತ್ತತದ. ಒಂದೇ ದಿಕ್ಕಿಗೆ ತಿರುಗೋ ಗಾಲಿನ ತಗೋರಿ, ಕಟ್ಟಿಗಿ ವಾಪಸ್ ಬರಾಕ ಬಿಡೂದಿಲ್ಲ.
3. ಸಣ್ಣ ಪಟ್ಟಿ ಕೊಯ್ಯೋವಾಗ ಆ ಗಾಲಿ ಅಡ್ಡ ಬರತದ. ಅಲ್ಲಿ ಫೆದರ್‌ಬೋರ್ಡ್, ಪುಶ್ ಸ್ಟಿಕ್ ಬೇಕು. ಬಾಜೂಕ ಒತ್ತೋ ಫೆದರ್‌ಬೋರ್ಡ್ ಬ್ಲೇಡಿಗಿಂತ ಮುಂಚೆ, ನಿಮ್ಮ ಕಡೆನ ಇರಬೇಕು. ಬ್ಲೇಡಿನ ನೇರಕ್ಕ ಇಟ್ಟರ ಸೀಳನ್ನ ಒತ್ತಿ ಕಿಕ್‌ಬ್ಯಾಕ್ ಅದ ತರತದ.
4. ಇವೆಲ್ಲ ಇದ್ದರೂ ರೈವಿಂಗ್ ನೈಫ್ ಬಿಚ್ಚಬ್ಯಾಡ್ರಿ.

ರೊಕ್ಕ ಇಲ್ಲಂದ್ರ ಫೆದರ್‌ಬೋರ್ಡ್ ಮನ್ಯಾಗ ಮಾಡಬಹುದು. ಹಲಗಿ ತುದಿ ಓರಿ ಕೊಯ್ದು, ಹಣಗಿ ಹಂಗ ಸೀಳಿದರ ಆತು. ಮಾಮಾ ಈಗ ಎಂಟು ಹಲ್ಲಿಂದು ಒಂದು ಮಾಡ್ಯಾನ. "ಇವು ನನ್ನ ಕಟ್ಟಿಗಿ ಬೆರಳು" ಅಂತಾನ. ಅಂವ ನಗತಾನ, ನನಗ ನಗು ಬರೂದಿಲ್ಲ.

ಇದನ್ನ ಸೇವ್ ಮಾಡಿ ಇಡಬ್ಯಾಡ್ರಿ. ಇವತ್ತ ಒಬ್ಬ ಬಡಿಗೇರ ಕಾಕಾಗ ಓದಿ ಹೇಳ್ರಿ.

#ನಮ್ಮೂರಇತಿಹಾಸ #ವಿಜಯಪುರ #ಟಿಕೋಟಾ #ಬಬಲೇಶ್ವರ