64 ಅಕ್ಷರ, 20 ಅಂಕಿ: ಗಂಗರ ನಾಡಿನ ಒಂದು ಲೆಕ್ಕ

ಈ ಸಂಖ್ಯೆಯನ್ನ ಒಂದೇ ಉಸಿರಲ್ಲಿ ಓದೋಕಾಗುತ್ತಾ ನೋಡಿ: 1,84,46,74,40,73,70,95,51,615.

ಕಥೆ ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆಯಿಂದ ಶುರುವಾಗಲಿ. 8ನೇ ಶತಮಾನದಲ್ಲಿ, ಶ್ರೀಪುರುಷನ ಕಾಲಕ್ಕೆ, ಈ ಊರು ಗಂಗರ ರಾಜಧಾನಿ ಮಾನ್ಯಪುರ. ಕ್ರಿ.ಶ. 797ರ ಮಣ್ಣೆ ತಾಮ್ರಶಾಸನ, ಸೇನಾಪತಿ ಶ್ರೀವಿಜಯ ಇಲ್ಲಿ ಕಟ್ಟಿಸಿದ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಅದೇ ಗಂಗರ ಕೊನೆಗಾಲದ ಮಂತ್ರಿ, ದಂಡನಾಯಕ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನು. ಅವನಿಗಾಗಿ ಆಚಾರ್ಯ ನೇಮಿಚಂದ್ರರು 10ನೇ ಶತಮಾನದಲ್ಲಿ ಪ್ರಾಕೃತದಲ್ಲಿ ಬರೆದ ಗ್ರಂಥ 'ಗೊಮ್ಮಟಸಾರ'. ಮೇಲಿನ ಸಂಖ್ಯೆ ಅದರಲ್ಲಿದೆ, ಒಂದೊಂದೇ ಅಂಕಿಯಾಗಿ, ಪದ್ಯದಲ್ಲಿ!

ಎಲ್ಲಿಂದ ಬಂತು? ಜೈನ ಲೆಕ್ಕದಲ್ಲಿ ಮೂಲ ಅಕ್ಷರ 64: ಸ್ವರ 27, ವ್ಯಂಜನ 33, ಯೋಗವಾಹ 4. ಇವನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಮೊದಲು ಮೂರೇ ಅಕ್ಷರ ತಗೊಳ್ಳಿ. ಪ್ರತಿಯೊಂದೂ ಒಂದೋ ಇರುತ್ತೆ, ಇಲ್ಲಾ ಇರಲ್ಲ. 2×2×2 = 8. ಯಾವುದೂ ಇಲ್ಲದ್ದನ್ನು ಬಿಟ್ಟರೆ 7. ಹಾಗೇ 64 ಸಲ ಎರಡನ್ನು ಗುಣಿಸಿ, ಒಂದು ಕಳೆಯಿರಿ. ಅದೇ ಈ ಸಂಖ್ಯೆ.

64 ಸಲ ಗುಣಿಸೋ ಕಷ್ಟವೂ ಬೇಡ. ವರ್ಗ ಮಾಡ್ತಾ ಹೋಗಿ: 2, 4, 16, 256, 65536, 4294967296. ಇನ್ನೊಂದು ವರ್ಗಕ್ಕೆ ಮುಗೀತು. ಕೊನೆಯ ಮೂರಕ್ಕೆ ಹೆಸರೂ ಇತ್ತು: ಪಣ್ಣಟ್ಠಿ (65), ಬಾದಾಲ (42), ಏಕಟ್ಠ (1, 8). ಸಂಖ್ಯೆಯ ಮೊದಲ ಅಂಕಿಗಳೇ ಅದರ ಹೆಸರು!

ಮುಂದಿನ ಹೆಜ್ಜೆ ಇನ್ನೂ ಗಟ್ಟಿ. ಆಗಮದ ಒಂದು 'ಪದ'ಕ್ಕೆ 1634 ಕೋಟಿ 83 ಲಕ್ಷ 7 ಸಾವಿರದ 888 ಅಕ್ಷರ ಅಂತ ಲೆಕ್ಕ. ಅದರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ 112 ಕೋಟಿ 83 ಲಕ್ಷ 58 ಸಾವಿರದ 5 ಪದ, ಶೇಷ 8 ಕೋಟಿ 1 ಲಕ್ಷ 8 ಸಾವಿರದ 175. ಗ್ರಂಥ ಕೊಡುವ ಉತ್ತರ ಇದೇ. ಕೊನೆಯ ಅಂಕಿಯವರೆಗೂ ಸರಿ. ಮೊಬೈಲ್ ಕ್ಯಾಲ್ಕುಲೇಟರ್ ನಂಬಬೇಡಿ, ಬಹಳಷ್ಟು ಆ್ಯಪ್‌ಗಳು ಇಷ್ಟು ದೊಡ್ಡ ಸಂಖ್ಯೆಯ ಬಾಲ ಕತ್ತರಿಸಿಬಿಡುತ್ತವೆ. ಕಾಗದದ ಮೇಲೆ ಮಾಡಿ.

ಚದುರಂಗದ 64 ಮನೆಗಳಲ್ಲಿ 1, 2, 4 ಅಂತ ಕಾಳು ದುಪ್ಪಟ್ಟು ಇಡುತ್ತಾ ಹೋದರೂ ಮೊತ್ತ ಇದೇ. ಸುಮಾರು ಅದೇ ಕಾಲದಲ್ಲಿ ಅಲ್‌ಬೆರೂನಿ ಅದನ್ನು ಲೆಕ್ಕ ಹಾಕಿದ್ದ. ಇದರ ಅವಿಭಾಜ್ಯ ಅಪವರ್ತನಗಳು: 3, 5, 17, 257, 641, 65537, 6700417. ಕಂಪ್ಯೂಟರಿನ 64 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ.

ಇಲ್ಲೇ ಸ್ವಲ್ಪ ಹುಷಾರು. 'ನಮ್ಮ ಪೂರ್ವಜರಿಗೆ ಕಂಪ್ಯೂಟರ್ ಗೊತ್ತಿತ್ತು' ಅಂತ ಫಾರ್ವರ್ಡ್ ಮಾಡಬೇಡಿ. ಎರಡೂ ಕಡೆ ಇರೋದು 64 'ಇದೆ–ಇಲ್ಲ'ಗಳ ಎಣಿಕೆ, ಅದಕ್ಕೇ ಉತ್ತರ ಒಂದೇ. ಯಂತ್ರವಿಲ್ಲದೆ 20 ಅಂಕಿಯ ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದ್ದೇ ಸಾಕಷ್ಟು ದೊಡ್ಡದು. ಅದಕ್ಕೆ ಸುಳ್ಳಿನ ಊರುಗೋಲು ಬೇಡ.

1359ರಲ್ಲಿ ಕೇಶವವರ್ಣಿ ಇದೇ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ಇಂಥ ಲೆಕ್ಕವನ್ನೂ ಕನ್ನಡ ಅಷ್ಟು ಹಿಂದೆಯೇ ಹೊತ್ತಿತ್ತು. 'ಗಣಿತ ಕನ್ನಡದಲ್ಲಿ ಆಗಲ್ಲ' ಅಂತ ಯಾರಾದರೂ ಅಂದರೆ ಈ 20 ಅಂಕಿ ತೋರಿಸಿ.

ಭಾಗಾಕಾರ ಮಾಡಿದವರು ಶೇಷ ಎಷ್ಟು ಬಂತು ಅಂತ ಕೆಳಗೆ ಬರೀರಿ 👇

#ಮಣ್ಣೆ #ನೆಲಮಂಗಲ #ಗಂಗರು #ಕನ್ನಡಗಣಿತ